ಹಳೆಯ ಕಾರಿನ ಎಂಜಿನ್ ಪುನರ್ನಿರ್ಮಾಣ

ಹಳೆಯ ಕಾರಿನ ಎಂಜಿನ್ ಪುನರ್ನಿರ್ಮಾಣ ಎಂದರೆ ದೀರ್ಘಕಾಲದ ಬಳಕೆಯಿಂದ ಸವೆದ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ತೊಳೆದು ಅಳೆದು, ಸವೆದವುಗಳನ್ನು ಸರಿಪಡಿಸಿ ಅಥವಾ ಬದಲಿಸಿ, ತಯಾರಕರು ನಿಗದಿಪಡಿಸಿದ ಅಳತೆಗಳಿಗೆ ತಂದು ಮತ್ತೆ ಜೋಡಿಸುವ ಕೆಲಸ. ಗ್ಯಾರೇಜುಗಳ ಆಡುಮಾತಿನಲ್ಲಿ ಇದಕ್ಕೆ ‘ಎಂಜಿನ್ ಕೆಲಸ’, ‘ಓವರ್‌ಹಾಲ್’, ‘ಬೋರ್ ಮಾಡಿಸುವುದು’ ಎಂಬ ಹೆಸರುಗಳಿವೆ. ವೃತ್ತಿಪರ ಮೆಕ್ಯಾನಿಕ್‌ಗಳಲ್ಲದೆ ಹಳೆಯ ವಾಹನಗಳಲ್ಲಿ ಆಸಕ್ತಿಯುಳ್ಳ ಗೃಹಸ್ಥರೂ ಇದನ್ನು ಮನೆಯ ಶೆಡ್ಡಿನಲ್ಲಿ ಕೈಗೊಳ್ಳುವುದುಂಟು. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ ಸಾಧ್ಯ. ಸಿಲಿಂಡರ್ ಕೊರೆಯುವುದು, ಕ್ರ್ಯಾಂಕ್ ಶಾಫ್ಟ್ ಉಜ್ಜುವುದು ಮೊದಲಾದವು ಯಂತ್ರಗಳುಳ್ಳ ಕಾರ್ಯಾಗಾರದಲ್ಲೇ ಆಗಬೇಕು. ಈ ಲೇಖನವು ಭಾರತದಲ್ಲಿ ತಯಾರಾದ ಹಳೆಯ ಪೆಟ್ರೋಲ್ ಕಾರುಗಳನ್ನು, ಅದರಲ್ಲೂ ಕೋಲಾರ ಚಿನ್ನದ ಗಣಿ (ಕೆಜಿಎಫ್) ಮತ್ತು ಬಂಗಾರಪೇಟೆ ಪ್ರದೇಶದ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

== ಪ್ರಾದೇಶಿಕ ಹಿನ್ನೆಲೆ ==

ಕೋಲಾರ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಆಧುನಿಕ ಗಣಿಗಾರಿಕೆ ನಡೆಯಿತು. ಬಂಗಾರಪೇಟೆಯಿಂದ (ಅಂದಿನ ಬೌರಿಂಗ್‌ಪೇಟೆ) ಮಾರಿಕುಪ್ಪಂವರೆಗಿನ ರೈಲು ಮಾರ್ಗವು 1894ರಲ್ಲಿ ತೆರೆಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಗಣಿಗಳನ್ನು ತಲುಪಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್ಸ್‌ನಂತಹ ಗಣಿಗೆ ಮನುಷ್ಯರನ್ನು ಇಳಿಸಿ ಏರಿಸುವ ಯಂತ್ರಗಳು, ಗಾಳಿ ಒತ್ತುವ ಕಂಪ್ರೆಸರ್‌ಗಳು, ನೀರೆತ್ತುವ ಪಂಪುಗಳು, ಅದಿರು ಕುಟ್ಟುವ ಗಿರಣಿಗಳು ಹಗಲಿರುಳು ನಡೆಯಬೇಕಾಗಿತ್ತು. ಇಷ್ಟು ದೊಡ್ಡ ಯಂತ್ರಸಮೂಹವನ್ನು ನಿರ್ವಹಿಸಲು ಫಿಟ್ಟರ್, ಟರ್ನರ್, ಮೋಲ್ಡರ್, ಕಮ್ಮಾರರ ಒಂದು ವರ್ಗವೇ ಇಲ್ಲಿ ಬೆಳೆಯಿತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ತ್ ಮೂವರ್ಸ್ (ಬೆಮೆಲ್) ಸಂಸ್ಥೆಯು ಕೆಜಿಎಫ್‌ನಲ್ಲಿ ಬುಲ್ಡೋಜರ್ ಮುಂತಾದ ಭಾರೀ ಯಂತ್ರಗಳ ತಯಾರಿಕೆ ಕೈಗೊಂಡ ಮೇಲೆ ಈ ಕೌಶಲಕ್ಕೆ ಇನ್ನೊಂದು ನೆಲೆ ದೊರೆಯಿತು.

ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕಾರ್ಮಿಕರ ಮಕ್ಕಳಲ್ಲಿ ಅನೇಕರು ಇಂದು ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಪ್ರತಿನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಕೈಯಲ್ಲಿ ಮೈಕ್ರೋಮೀಟರ್ ಹಿಡಿದು ಇಂಚಿನ ಸಾವಿರದ ಒಂದು ಭಾಗವನ್ನು (ಇದನ್ನು ‘ಥೌ’ ಎನ್ನುತ್ತಾರೆ) ಲೆಕ್ಕ ಹಾಕಬಲ್ಲ ತಲೆಮಾರು ವೃದ್ಧಾಪ್ಯದಲ್ಲಿದೆ. ಹಳೆಯ ಎಂಜಿನ್ನಿನ ಪುನರ್ನಿರ್ಮಾಣವು ಬಿಡಿಭಾಗಗಳಷ್ಟೇ ಈ ಅಳತೆಯ ಅಭ್ಯಾಸವನ್ನೂ ಅವಲಂಬಿಸಿದೆ. ಬಿಡಿಭಾಗವನ್ನು ಹುಡುಕಿ ತರಬಹುದು. ಅಭ್ಯಾಸವನ್ನು ಬಲ್ಲವರ ಬಳಿ ಕುಳಿತೇ ಕಲಿಯಬೇಕು.

== ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಎಂಜಿನ್‌ಗಳು ==

ಮನೆಯಲ್ಲಿ ಕಲಿಯಲು ಹೊರಟವರಿಗೆ ಹಿಂದೂಸ್ತಾನ್ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಅನುಕೂಲಕರ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿತ್ತು. ಅದರ ತಯಾರಿಕೆ 2014ರಲ್ಲಿ ನಿಂತಿತು. ದೀರ್ಘಕಾಲ ಅದರಲ್ಲಿದ್ದುದು ಬಿಎಂಸಿ ‘ಬಿ ಸರಣಿ’ಯ 1489 ಘನ ಸೆಂ.ಮೀ. ಎಂಜಿನ್: ನಾಲ್ಕು ಸಿಲಿಂಡರ್, 73.025 ಮಿ.ಮೀ. ಬೋರ್, 88.9 ಮಿ.ಮೀ. ಸ್ಟ್ರೋಕ್, ಮೂರು ಮುಖ್ಯ ಬೇರಿಂಗ್. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಪದ್ಮಿನಿಯು ಫಿಯಟ್ 1100 ಕಾರಿನ ಭಾರತೀಯ ರೂಪ. ಅದರ ಎಂಜಿನ್ 1089 ಘನ ಸೆಂ.ಮೀ., ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಎರಡರಲ್ಲೂ ಎರಕದ ಕಬ್ಬಿಣದ ಬ್ಲಾಕ್, ಪಕ್ಕದಲ್ಲಿ ಕ್ಯಾಮ್ ಶಾಫ್ಟ್, ಪುಶ್‌ರಾಡ್‌ಗಳ ಮೂಲಕ ತೆರೆಯುವ ವಾಲ್ವ್‌ಗಳು ಇವೆ. ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರ್ ಬೇಕಿಲ್ಲ.

ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಅಂಬಾಸಡರಿನ ಬೋಲ್ಟುಗಳು ಇಂಚಿನ ಅಳತೆಯವು, ಫಿಯಟ್‌ನವು ಮಿಲಿಮೀಟರಿನವು. ಇಂಚಿನ ಬೋಲ್ಟಿಗೆ ‘ಹತ್ತಿರದ’ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಲೆ ಉರುಟಾಗಿಸುವುದು ಹೊಸಬರು ಮಾಡುವ ಮೊದಲ ತಪ್ಪು.

1983ರಲ್ಲಿ ಬಂದ ಮಾರುತಿ 800ರ 796 ಘನ ಸೆಂ.ಮೀ.ನ ಮೂರು ಸಿಲಿಂಡರ್ ಎಂಜಿನ್ ಹಗುರ, ಬಿಡಿಭಾಗಗಳೂ ಸುಲಭ; ಆದರೆ ಅದರ ಅಲ್ಯೂಮಿನಿಯಂ ಹೆಡ್ ಬಿಸಿಯೇರಿದರೆ ಬೇಗ ಡೊಂಕಾಗುತ್ತದೆ.

== ಸವೆತದ ಕಾರಣಗಳು ==

ಎಂಜಿನ್ ಸವೆಯಲು ವಯಸ್ಸಿಗಿಂತ ಧೂಳು, ಕೆಟ್ಟ ಎಣ್ಣೆ ಮತ್ತು ಅತಿಯಾದ ಬಿಸಿ ಹೆಚ್ಚು ಕಾರಣ. ಕೆಜಿಎಫ್‌ನಲ್ಲಿ ಧೂಳಿನ ಪ್ರಶ್ನೆ ವಿಶೇಷವಾದುದು. ಚಿನ್ನ ತೆಗೆದ ಬಳಿಕ ಉಳಿದ ಅದಿರಿನ ಹಿಟ್ಟನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ರಾಶಿ ಹಾಕಿದ್ದರಿಂದ ಊರಿನ ನಡುವೆಯೇ ಬೃಹತ್ ದಿಬ್ಬಗಳು ಎದ್ದಿವೆ. ಜನ ಇವನ್ನು ‘ಸೈನೈಡ್ ದಿಬ್ಬ’ ಎನ್ನುತ್ತಾರೆ. ಇವುಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆಯೆಂಬ ಅಂದಾಜಿದೆ. ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ದೊರೆಯುತ್ತಿದ್ದುದರಿಂದ ಈ ಪುಡಿಯಲ್ಲಿ ನುಣ್ಣನೆಯ ಬೆಣಚು ಬೆರೆತಿದೆ. ಬೆಣಚು ಎರಕದ ಕಬ್ಬಿಣಕ್ಕಿಂತ ಗಟ್ಟಿ. ಬೇಸಿಗೆಯ ಗಾಳಿಗೆ ಏಳುವ ಈ ಧೂಳು ಹರಿದ ಏರ್ ಫಿಲ್ಟರಿನ ಮೂಲಕ ಸಿಲಿಂಡರನ್ನು ಸೇರಿದರೆ ಎಣ್ಣೆಯೊಡನೆ ಬೆರೆತು ಉಜ್ಜುವ ಪೇಸ್ಟಿನಂತೆ ಕೆಲಸ ಮಾಡುತ್ತದೆ. ಇದೇ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಹಾನಿಕರ ಎಂಬುದನ್ನು ಗಣಿ ಕಾರ್ಮಿಕರ ಕುಟುಂಬಗಳಿಗೆ ಹೇಳಬೇಕಾಗಿಲ್ಲ.

ಎರಡನೆಯದು ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಆಳದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದನ್ನು ರೇಡಿಯೇಟರಿಗೆ ಸುರಿಯುತ್ತ ಬಂದರೆ ಬ್ಲಾಕಿನೊಳಗಿನ ನೀರಿನ ದಾರಿಗಳಲ್ಲಿ, ಪಾತ್ರೆಯ ತಳದಲ್ಲಿ ಕಟ್ಟುವಂತಹ ಸುಣ್ಣದ ಪೊರೆ ಕಟ್ಟುತ್ತದೆ. ಹಿಂದಿನ ಸಿಲಿಂಡರುಗಳ ಸುತ್ತ ಕೆಸರು ಗಟ್ಟಿಯಾಗಿ ಕುಳಿತು, ಗೇಜಿನ ಮುಳ್ಳು ಸರಿಯಾಗಿದ್ದರೂ ಅಲ್ಲಿ ಬಿಸಿ ಹೆಚ್ಚುತ್ತದೆ. ಪುನರ್ನಿರ್ಮಾಣದ ವೇಳೆ ಬ್ಲಾಕಿನ ಪಕ್ಕದ ಮುಚ್ಚಳಗಳನ್ನು (ಕೋರ್ ಪ್ಲಗ್) ಕಿತ್ತು ಈ ಕೆಸರನ್ನು ಕೆರೆದು ತೆಗೆಯದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ.

== ಬಿಚ್ಚುವ ಮೊದಲಿನ ಪರೀಕ್ಷೆ ==

ಎಂಜಿನ್ ಇಳಿಸಬೇಕೇ ಬೇಡವೇ ಎಂಬ ನಿರ್ಧಾರವೇ ಇಡೀ ಕೆಲಸದಲ್ಲಿ ಮುಖ್ಯವಾದುದು. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ, ಕಪ್ಪು ಹೊಗೆ ಪೆಟ್ರೋಲ್ ಅತಿಯಾಗಿರುವುದರ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಆವಿ ಸಿಲಿಂಡರಿಗೆ ನೀರು ಸೋರುತ್ತಿರುವುದರ ಲಕ್ಷಣ. ಕಂಪ್ರೆಷನ್ ಗೇಜ್ ಹೆಚ್ಚು ನಂಬಲರ್ಹ. ಬಿಸಿ ಎಂಜಿನ್ನಿನ ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರಿನಿಂದ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ನೋಡಬೇಕು. ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಆಗ ಹೆಡ್ ಮಾತ್ರ ತೆಗೆದರೆ ಸಾಕು.

ಕೆಜಿಎಫ್ ಮತ್ತು ಬಂಗಾರಪೇಟೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿವೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಶೇಕಡ 10ರಷ್ಟು ಕಡಿಮೆ ಇರುವುದರಿಂದ ಗೇಜಿನ ಅಂಕಿಯೂ ಅಷ್ಟೇ ಇಳಿಯುತ್ತದೆ. ಚೆನ್ನೈಯಲ್ಲಿ 150 ಪೌಂಡ್ ತೋರಿಸುವ ಎಂಜಿನ್ ಇಲ್ಲಿ 135ರ ಆಸುಪಾಸು ತೋರಿಸುವುದು ಸಹಜ. ಇದನ್ನರಿಯದೆ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ ಆರೋಗ್ಯವಾಗಿದ್ದ ಎಂಜಿನ್ನನ್ನು ಬಿಚ್ಚಿಸುವುದುಂಟು. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡಬೇಕು.

== ಇಳಿಸುವುದು ಮತ್ತು ಬಿಚ್ಚುವುದು ==

ಅಂಬಾಸಡರಿನ ಎಂಜಿನ್ ಒಂದೂವರೆ ಕ್ವಿಂಟಲ್‌ಗೂ ಹೆಚ್ಚು ತೂಗುತ್ತದೆ. ಮರದ ಕೊಂಬೆಗೆ ಅಥವಾ ಶೆಡ್ಡಿನ ಜಂತಿಗೆ ಚೈನ್ ಬ್ಲಾಕ್ ಕಟ್ಟಿ ಎತ್ತುವ ರೂಢಿ ಅಪಾಯಕರ. ಕಬ್ಬಿಣದ ಮುಕ್ಕಾಲಿ ಅಥವಾ ಬಾಡಿಗೆಯ ಎಂಜಿನ್ ಕ್ರೇನ್ ಬಳಸಬೇಕು. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನೂ ಚಾಚಬಾರದು. ಬ್ಯಾಟರಿಯ ತಂತಿ ಕಳಚಿ, ನೀರು ಮತ್ತು ಎಣ್ಣೆ ಇಳಿಸಿ, ಪೆಟ್ರೋಲ್ ಪೈಪಿಗೆ ಬಿರಡೆ ಹಾಕಿದ ಬಳಿಕವೇ ಕೆಲಸ ಆರಂಭ.

ಬಿಚ್ಚುವಾಗ ಬೇಕಾದುದು ಬಲಕ್ಕಿಂತ ಬರೆದಿಡುವ ಶಿಸ್ತು. ಪ್ರತಿ ಹಂತದಲ್ಲಿ ಛಾಯಾಚಿತ್ರ ತೆಗೆದು, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಬೇಕು. ಹೆಡ್ಡಿನ ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಒಂದೇ ಮೂಲೆಯಿಂದ ಬಿಚ್ಚಿದರೆ ಹೆಡ್ ಡೊಂಕಾಗಬಹುದು. ಪುಶ್‌ರಾಡ್ ಮತ್ತು ಟ್ಯಾಪೆಟ್‌ಗಳನ್ನು ರಟ್ಟಿನಲ್ಲಿ ತೂತು ಮಾಡಿ ಅದೇ ಕ್ರಮದಲ್ಲಿ ಸಿಕ್ಕಿಸಿಡುವುದು ಹಳೆಯ, ಒಳ್ಳೆಯ ಪದ್ಧತಿ. ಒಂದೊಂದು ಟ್ಯಾಪೆಟ್ ಕ್ಯಾಮಿನ ತನ್ನದೇ ಉಬ್ಬಿನೊಡನೆ ಸವೆದು ಹೊಂದಿಕೊಂಡಿರುತ್ತದೆ. ಅದಲುಬದಲಾದರೆ ಎರಡೂ ಬೇಗ ಹಾಳಾಗುತ್ತವೆ. ಕನೆಕ್ಟಿಂಗ್ ರಾಡ್ ಮತ್ತು ಮುಖ್ಯ ಬೇರಿಂಗುಗಳ ಟೋಪಿಗಳು (ಕ್ಯಾಪ್) ತಮ್ಮ ಜೊತೆಯ ಭಾಗದೊಡನೆಯೇ ಕೊರೆಯಲ್ಪಟ್ಟವು. ಅವಕ್ಕೆ ಸಂಖ್ಯೆ ಗುರುತು ಹಾಕದೆ ತೆಗೆಯಬಾರದು.

ಹಳೆಯ ತಾಮ್ರದ ಹೆಡ್ ಗ್ಯಾಸ್ಕೆಟ್‌ಗಳಲ್ಲಿ ಮತ್ತು ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಅವುಗಳನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯುವುದಾಗಲಿ, ಗಾಳಿ ಹೊಡೆದು ಧೂಳು ಹಾರಿಸುವುದಾಗಲಿ ಕೂಡದು. ಒದ್ದೆ ಮಾಡಿ ಒರೆಸಿ ತೆಗೆಯಬೇಕು.

== ಅಳತೆ ಮತ್ತು ಯಂತ್ರಕೆಲಸ ==

ಸಿಲಿಂಡರ್ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗ್ ನಿಂತು ಹಿಂದಿರುಗುವ ಜಾಗದ ತುಸು ಕೆಳಗೆ, ಬಿಸಿ ಹೆಚ್ಚು ಎಣ್ಣೆ ಕಡಿಮೆ ಇರುವಲ್ಲಿ, ಸವೆತ ಅತಿ ಹೆಚ್ಚು. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲೂ ಸವೆತ ಹೆಚ್ಚಿ ಬೋರ್ ಅಂಡಾಕಾರ ತಾಳುತ್ತದೆ. ಆದಕಾರಣ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಬೆರಳಿನ ಉಗುರಿಗೆ ಮೇಲ್ಭಾಗದ ಅಂಚು ಸಿಕ್ಕಿತೆಂದು ಬೋರ್ ಮಾಡಿಸಲು ಹೊರಡುವುದು ಅಳತೆಯಲ್ಲ, ಊಹೆ.

ಈ ಎಚ್ಚರಕ್ಕೆ ಕಾರಣವಿದೆ: ಬ್ಲಾಕಿನಿಂದ ತೆಗೆದ ಲೋಹವನ್ನು ಮತ್ತೆ ಹಾಕಲಾಗದು. ಬಿ ಸರಣಿಯ ಎಂಜಿನ್ನಿಗೆ 10, 20, 30, 40 ಥೌ ದೊಡ್ಡ ಪಿಸ್ಟನ್‌ಗಳು ಬರುತ್ತಿದ್ದವು. ಒಂದು ಥೌ ಎಂದರೆ 0.0254 ಮಿ.ಮೀ. ಹತ್ತರಲ್ಲಿ ಮುಗಿಯುವುದನ್ನು ಕಾರ್ಯಾಗಾರದಲ್ಲಿ ಸಿಕ್ಕ ಪಿಸ್ಟನ್ನಿಗೆ ಹೊಂದಿಸಲು ನಲವತ್ತಕ್ಕೆ ಕೊರೆಸಿದರೆ ಆ ಬ್ಲಾಕಿನ ಮುಂದಿನ ಮೂರು ಆಯುಷ್ಯಗಳು ಒಂದೇ ದಿನ ಕರಗಿದಂತೆ. ಪೂರ್ತಿ 40 ಥೌ ಕೊರೆದಾಗ 1489 ಘನ ಸೆಂ.ಮೀ. ಎಂಜಿನ್ ಸುಮಾರು 1531 ಘನ ಸೆಂ.ಮೀ. ಆಗುತ್ತದೆ. ಅದರಾಚೆಗೆ ಉಳಿಯುವ ದಾರಿ ‘ಸ್ಲೀವ್’ ಹೊಡೆಸುವುದು, ಅಂದರೆ ಬೋರಿನೊಳಗೆ ಹೊಸ ಕೊಳವೆ ಕೂರಿಸಿ ಮೂಲ ಅಳತೆಗೆ ತರುವುದು. ಪಿಸ್ಟನ್‌ಗಳನ್ನು ಮೊದಲು ಕೊಂಡು, ಅವುಗಳನ್ನೇ ಅಳೆದು, ಆ ಅಳತೆಗೆ ಬೋರ್ ಮಾಡಿಸುವುದು ಸರಿಯಾದ ಕ್ರಮ.

ಕ್ರ್ಯಾಂಕ್ ಶಾಫ್ಟಿನಲ್ಲಿ ಲೆಕ್ಕ ಇದಕ್ಕೆ ವಿರುದ್ಧ. ಅದರ ಜರ್ನಲುಗಳನ್ನು ಉಜ್ಜಿದಾಗ ಅವು ಚಿಕ್ಕದಾಗುವುದರಿಂದ ದಪ್ಪ ಬೇರಿಂಗ್ ಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಅದು ‘ಅಂಡರ್‌ಸೈಜ್’ ಎಂದೇ ನಮೂದಾಗಿರುತ್ತದೆ. ಜರ್ನಲಿಗೂ ಬೇರಿಂಗಿಗೂ ನಡುವೆ ಎಣ್ಣೆಗೆ ಬಿಡಬೇಕಾದ ಸಂದು, ಸ್ಥೂಲವಾಗಿ, ಜರ್ನಲಿನ ಒಂದು ಇಂಚು ವ್ಯಾಸಕ್ಕೆ ಒಂದು ಥೌ. ಉಜ್ಜಿ ಬಂದ ಶಾಫ್ಟಿನ ಎಣ್ಣೆ ರಂಧ್ರಗಳಲ್ಲಿ ಕಲ್ಲಿನ ಪುಡಿ ಉಳಿದಿರುತ್ತದೆ. ಉದ್ದನೆಯ ಬ್ರಷ್ಷಿನಿಂದ ಅದನ್ನು ತೊಳೆಯದೆ ಜೋಡಿಸಿದ ಎಂಜಿನ್ ಬಹುದಿನ ಬಾಳದು.

ಸಾಮಾನ್ಯ ಲೇತ್ ಕೆಲಸ ಸಣ್ಣ ಪಟ್ಟಣಗಳಲ್ಲೂ ದೊರೆಯುತ್ತದೆ. ಕ್ರ್ಯಾಂಕ್ ಗ್ರೈಂಡಿಂಗ್‌ನಂತಹ ಕೆಲಸಕ್ಕೆ ಬೆಂಗಳೂರಿಗೆ ಒಯ್ಯಬೇಕಾಗುವುದುಂಟು, ಅಲ್ಲಿನ ಜೆ.ಸಿ. ರಸ್ತೆ ಬಿಡಿಭಾಗಗಳಿಗೂ ಹೆಸರಾದುದು.

ವಾಲ್ವ್‌ಗಳನ್ನು ಅವುಗಳ ಸೀಟಿನ ಮೇಲೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸುವುದು (ಲ್ಯಾಪಿಂಗ್) ಮನೆಯಲ್ಲೇ ಆಗುವ, ಮಕ್ಕಳೂ ಕೈಜೋಡಿಸಬಹುದಾದ ಕೆಲಸ. ಸುತ್ತಲೂ ತುಂಡಾಗದ ಬೂದು ಬಣ್ಣದ ಉಂಗುರ ಮೂಡಿದರೆ ಸಾಕು. ನಂತರ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯಬೇಕು.

== ಜೋಡಣೆ ==

ಕೊರೆದ ಸಿಲಿಂಡರನ್ನು ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಒರೆಸಿದರೆ ಶುದ್ಧವಾಗದು. ಬಿಸಿನೀರು, ಸೋಪು ಮತ್ತು ಬ್ರಷ್ಷಿನಿಂದ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕರೆ ಬೀಳದವರೆಗೂ ತೊಳೆದು, ತಕ್ಷಣ ಎಣ್ಣೆ ಸವರಬೇಕು. ಕೆಜಿಎಫ್‌ನ ಗಾಳಿ ಬೀಸುವ ತಿಂಗಳುಗಳಲ್ಲಿ ಬ್ಲಾಕನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚದೆ ರಾತ್ರಿ ಬಿಡಬಾರದು.

ಪ್ರತಿ ರಿಂಗನ್ನೂ ಬೋರಿನೊಳಗೆ ಇಳಿಸಿ, ಪಿಸ್ಟನ್ನಿನಿಂದಲೇ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಬಿ ಸರಣಿಯಲ್ಲಿ ಇದು 0.2ರಿಂದ 0.33 ಮಿ.ಮೀ.ನಷ್ಟಿರಬೇಕು. ಸಂದು ಸಾಲದಿದ್ದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಮುರಿಯುತ್ತದೆ, ಬೋರಿಗೆ ಗೀರು ಬೀಳುತ್ತದೆ. ಪಿಸ್ಟನ್ ಇಳಿಸುವಾಗ ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿ ಬರಬಾರದು. ಬೇರಿಂಗ್ ಬೋಲ್ಟುಗಳನ್ನು ಬಿಗಿದ ಪ್ರತಿ ಸಲವೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲವನ್ನೂ ಬಿಗಿದ ಮೇಲೆ ಗಟ್ಟಿಯಾಯಿತೆಂದರೆ ಯಾವ ಟೋಪಿಯದು ತಪ್ಪು ಎಂದು ತಿಳಿಯಲು ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಟೈಮಿಂಗ್ ಚೈನಿನ ಎರಡೂ ಚಕ್ರಗಳ ಗುರುತುಗಳು ಎದುರುಬದುರು ನಿಲ್ಲಬೇಕು. ಹೆಡ್ಡನ್ನು ಬಿಗಿಯುವಾಗ ಬಿಚ್ಚಿದುದಕ್ಕೆ ವಿರುದ್ಧ ಕ್ರಮ: ನಡುವಿನಿಂದ ಹೊರಕ್ಕೆ, ಮೂರು ನಾಲ್ಕು ಹಂತಗಳಲ್ಲಿ, ಟಾರ್ಕ್ ವ್ರೆಂಚಿನಿಂದ. ‘ಕೈ ಅಂದಾಜು’ ಐವತ್ತು ಎಂಜಿನ್ ಕಟ್ಟಿದವರಿಗೆ ಇರಬಹುದು. ಮೊದಲ ಎಂಜಿನ್ ಕಟ್ಟುವವರಿಗೆ ಇರುವುದಿಲ್ಲ. ಎರಡೂ ಎಂಜಿನ್‌ಗಳ ಸ್ಪಾರ್ಕಿನ ಕ್ರಮ 1-3-4-2.

== ಮೊದಲ ಚಾಲನೆ ==

ಪ್ಲಗ್‌ಗಳಿಲ್ಲದೆ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ಗೇಜಿನಲ್ಲಿ ಕಂಡ ಮೇಲೆಯೇ ಎಂಜಿನ್ ಹೊತ್ತಿಸಬೇಕು. ಹೊಸ ಕ್ಯಾಮ್ ಶಾಫ್ಟ್ ಹಾಕಿದ್ದರೆ ಮೊದಲ 20 ನಿಮಿಷ ನಿಮಿಷಕ್ಕೆ ಸುಮಾರು 2000 ಸುತ್ತಿನ ವೇಗದಲ್ಲಿ ಓಡಿಸುವುದು ರೂಢಿ. ನಿಧಾನದ ಓಟದಲ್ಲಿ ಕ್ಯಾಮಿಗೆ ಎಣ್ಣೆ ಸಾಕಷ್ಟು ಎರಚುವುದಿಲ್ಲ. ಎಂಜಿನ್ ತಣಿದ ಬಳಿಕ ಹೆಡ್ಡಿನ ಬಿಗಿತ ಮತ್ತು ವಾಲ್ವಿನ ಸಂದನ್ನು ಕೈಪಿಡಿಯಂತೆ ಮತ್ತೆ ನೋಡಬೇಕು. ಮೊದಲ ಎಣ್ಣೆಯನ್ನು 500 ಕಿ.ಮೀ. ಒಳಗೆ ಬದಲಿಸಬೇಕು. ಹಿಂದೆ ಇಂತಹ ಕಾರುಗಳ ಹಿಂಬದಿ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸುತ್ತಿದ್ದರು. ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ಅದು ಉತ್ತರವಾಗಿತ್ತು.

== ಇಂಧನದ ಪ್ರಶ್ನೆ ==

ಈ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಭಾರತದಲ್ಲಿ 2000ದಿಂದ ಸೀಸರಹಿತ ಪೆಟ್ರೋಲ್ ಮಾತ್ರ ದೊರೆಯುತ್ತದೆ. ಸೀಸದ ರಕ್ಷಣೆಯಿಲ್ಲದ ಮೆತುವಾದ ನಿಷ್ಕಾಸ ವಾಲ್ವ್ ಸೀಟುಗಳು ದೀರ್ಘ ಓಟದಲ್ಲಿ ಕುಳಿಯುವುದರಿಂದ, ಹೆಡ್ ಕೆಲಸದ ವೇಳೆಯಲ್ಲೇ ಗಟ್ಟಿ ಲೋಹದ ಸೀಟ್ ಕೂರಿಸುವುದು ಉತ್ತಮ. ಶೇಕಡ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ಪಂಪಿನ ಪೊರೆ ಮತ್ತು ಕಾರ್ಬುರೇಟರಿನ ವಾಷರುಗಳನ್ನು ಉಬ್ಬಿಸಿ ಬಿರಿಯಿಸುತ್ತದೆ. ಎಥನಾಲ್ ತಾಳುವ ಪೈಪುಗಳನ್ನೇ ಹಾಕಬೇಕು. ಎಥನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕು ತುಕ್ಕು ಹಿಡಿಯುವುದೂ ಉಂಟು.

== ಕಾನೂನು ಮತ್ತು ಪರಿಸರ ==

ಎಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಬೋರ್ ಮಾಡಿಸುವುದರಿಂದ ಅದು ಬದಲಾಗದು; ಬ್ಲಾಕನ್ನೇ ಬದಲಿಸಿದರೆ ಸಾರಿಗೆ ಕಚೇರಿಯ ಅನುಮತಿ ಪಡೆದು ಪತ್ರದಲ್ಲಿ ತಿದ್ದುಪಡಿ ಮಾಡಿಸಬೇಕು. ಕೆಜಿಎಫ್ ಸಾರಿಗೆ ಕಚೇರಿಯ ಸಂಕೇತ ಕೆಎ-08, ಕೋಲಾರದ್ದು ಕೆಎ-07. ಖಾಸಗಿ ಕಾರಿಗೆ 15 ವರ್ಷ ತುಂಬಿದ ಬಳಿಕ ತಪಾಸಣೆಗೆ ಒಪ್ಪಿಸಿ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ವಿಂಟೇಜ್ ನೋಂದಣಿಯನ್ನು ಜಾರಿಗೆ ತಂದಿದೆ. ಈ ವರ್ಗದ ವಾಹನಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂಲ ಸಂಖ್ಯೆಯ ಬ್ಲಾಕನ್ನು ಸ್ಲೀವ್ ಹೊಡೆಸಿಯಾದರೂ ಉಳಿಸಿಕೊಳ್ಳಲು ಸಂಗ್ರಾಹಕರು ಹೆಣಗುವುದಕ್ಕೆ ಇದೂ ಒಂದು ಕಾರಣ.

ಒಂದು ಎಂಜಿನ್ ಬಿಚ್ಚಿದಾಗ ಕೆಲವು ಲೀಟರ್ ಕಪ್ಪೆಣ್ಣೆ, ಅದಕ್ಕೂ ಹೆಚ್ಚು ತೊಳೆದ ಸೀಮೆಎಣ್ಣೆ ಉಳಿಯುತ್ತದೆ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅಂತರ್ಜಲವನ್ನೇ ನಂಬಿದ ಜಿಲ್ಲೆಯಲ್ಲಿ ಅದನ್ನು ಚರಂಡಿಗಾಗಲಿ ಹಿತ್ತಲಿಗಾಗಲಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತ ಮರುಸಂಸ್ಕರಣೆಗೆ ಎಣ್ಣೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.